ಪ್ರಳಯ ಬಂದರೆ ಎಲ್ಲಿಗೆ ಓಡುವುದು?

ಅಮೆರಿಕದ ಮಹಾ ಧನಿಕರಲ್ಲಿ ಕೆಲವರು ಕಳೆದ ಹತ್ತು ಹದಿನೈದು ವರ್ಷಗಳಿಂದ ವಿಚಿತ್ರವಾದ ಚಿಂತೆಯೊಂದರಲ್ಲಿ ಮುಳುಗಿದ್ದಾರೆ. ಅಣುಯುದ್ಧವೋ, ಮಹಾಮಾರಿಯೋ, ಹವಾಮಾನದ ವೈಪರೀತ್ಯವೋ, ಇವುಗಳಲ್ಲಿ ಯಾವುದಾದರೊಂದು ಕಾರಣದಿಂದ ನಾಗರಿಕ ಜೀವನವೇ ಮುರಿದುಬಿದ್ದರೆ ತಾವು ಭೂಮಂಡಲದ ಯಾವ ಮೂಲೆಯನ್ನು ಸೇರಿಕೊಳ್ಳಬೇಕು ಎಂಬುದೇ ಆ ಚಿಂತೆ. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಬಂದಿರುವ ನಮ್ಮ ವಾಚಕರಿಗೆ ಇದು ಉಂಡವರ ಹರಟೆಯಾಗಿ ಕಂಡೀತು. ಆದರೆ 2020ರ ಮಾರ್ಚ್ ತಿಂಗಳಲ್ಲಿ ಇದೇ ಪ್ರಶ್ನೆ ಮುಂಬಯಿ, ಪುಣೆಗಳ ಖೋಲಿ ಖೋಲಿಯಲ್ಲಿಯೂ ಎದ್ದಿತ್ತೆಂಬುದನ್ನು ನೆನೆದರೆ, ಧನಿಕರ ಈ ಲೆಕ್ಕಾಚಾರವನ್ನು ನಾವೂ ಕೊಂಚ ಪರೀಕ್ಷಿಸಿ ನೋಡುವುದು ಅನುಚಿತವಾಗದು.

ವಿದ್ವಾಂಸರೂ ಈ ವಿಷಯವನ್ನು ಕೈಗೆತ್ತಿಕೊಂಡಿದ್ದಾರೆ. ಇಂಗ್ಲೆಂಡಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದ ನಿಕ್ ಕಿಂಗ್ ಮತ್ತು ಅಲೆಡ್ ಜೋನ್ಸ್ ಎಂಬುವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೋಕವ್ಯವಹಾರ ಕುಸಿದರೂ ತಲೆಯೆತ್ತಿ ನಿಲ್ಲಬಲ್ಲ ದೇಶಗಳಾವುವು ಎಂಬುದನ್ನು ಅಳೆದು ನೋಡಿದರು. ಜನಸಂಖ್ಯೆಗೆ ತಕ್ಕಷ್ಟು ಸಾಗುವಳಿಯ ಭೂಮಿ ಇದೆಯೇ, ಹೊರಗಿನ ಜನಪ್ರವಾಹದಿಂದ ದೂರವಿದೆಯೇ, ವಿದ್ಯುತ್ತನ್ನೂ ಬಳಕೆಯ ವಸ್ತುಗಳನ್ನೂ ತಾನೇ ಉತ್ಪಾದಿಸಿಕೊಳ್ಳಬಲ್ಲುದೇ, ಇವು ಅವರ ಅಳತೆಗೋಲುಗಳು. ನ್ಯೂಜಿಲೆಂಡ್, ಐಸ್‌ಲೆಂಡ್, ಬ್ರಿಟನ್, ಆಸ್ಟ್ರೇಲಿಯದ ಟಾಸ್ಮೇನಿಯ, ಐರ್ಲೆಂಡ್, ಈ ಐದು ಮುಂದೆ ನಿಂತವು. ಎಲ್ಲವೂ ದ್ವೀಪಗಳೇ. ತಿನ್ನುವ ಅನ್ನದಲ್ಲಿ ಗಣನೀಯ ಭಾಗವನ್ನು ಹೊರಗಿನಿಂದ ತರಿಸಿಕೊಳ್ಳುವ ಬ್ರಿಟನ್ ಈ ಪಟ್ಟಿಯಲ್ಲಿ ಸೇರಿದ್ದು ನಮಗೆ ಆಶ್ಚರ್ಯ. ಮೊದಲ ಸ್ಥಾನದ ನ್ಯೂಜಿಲೆಂಡಿಗಾದರೂ ನ್ಯೂನತೆ ಇಲ್ಲದಿಲ್ಲ. ಮಾರ್ಸ್‌ಡೆನ್ ಪಾಯಿಂಟಿನಲ್ಲಿದ್ದ ಅಲ್ಲಿನ ಏಕೈಕ ತೈಲ ಶುದ್ಧೀಕರಣ ಕಾರ್ಖಾನೆ 2022ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಹಾಲು, ಮಾಂಸ, ನೀರು ಯಥೇಚ್ಛವಾಗಿರುವ ಆ ನಾಡಿನಲ್ಲಿ ಟ್ರಾಕ್ಟರು ಓಡಬೇಕಾದರೆ ಎಣ್ಣೆಯ ಹಡಗು ಬರಲೇಬೇಕು.

ಆದರೂ ಧನಿಕರ ಕಣ್ಣು ಬಿದ್ದದ್ದು ಅಲ್ಲಿಗೇ. ಪೀಟರ್ ಥೀಲ್ ಎಂಬ ಅಮೆರಿಕದ ಬಂಡವಳಿಗನಿಗೆ 2011ರಲ್ಲಿ ನ್ಯೂಜಿಲೆಂಡಿನ ಪೌರತ್ವ ದೊರೆಯಿತು. ಅದಕ್ಕೆ ಮೊದಲು ಆತ ಆ ದೇಶದಲ್ಲಿ ಕಳೆದಿದ್ದುದು ಕೇವಲ 12 ದಿನಗಳೆಂದು 2017ರಲ್ಲಿ ಬೆಳಕಿಗೆ ಬಂದಾಗ ಅಲ್ಲಿನ ಜನ ಕೆರಳಿದರು. 2018ರಲ್ಲಿ ಪರದೇಶೀಯರು ಮನೆ ಕೊಳ್ಳುವುದನ್ನು ನಿರ್ಬಂಧಿಸುವ ಕಾನೂನು ಬಂದಿತು. ಥೀಲ್ ಕೊಂಡಿದ್ದ ವಾನಕಾ ಸರೋವರದ ದಡದ ಜಮೀನಿನಲ್ಲಿ ವಿಶಾಲವಾದ ವಸತಿಗೃಹ ಕಟ್ಟುವ ಯೋಜನೆಯನ್ನು, ಪ್ರಕೃತಿಯ ಚೆಲುವಿಗೆ ಕುಂದು ಬರುವುದೆಂಬ ಕಾರಣದಿಂದ, 2022ರಲ್ಲಿ ಸ್ಥಳೀಯ ಆಡಳಿತ ತಿರಸ್ಕರಿಸಿತು. ಎಲ್ಲಕ್ಕಿಂತ ಮಿಗಿಲಾಗಿ 2020ರ ಮಾರ್ಚ್ 19ರಂದು ಆ ದೇಶ ತನ್ನ ಪ್ರಜೆಗಳನ್ನೂ ಕಾಯಂ ನಿವಾಸಿಗಳನ್ನೂ ಬಿಟ್ಟು ಉಳಿದವರಿಗೆ ಬಾಗಿಲು ಹಾಕಿಕೊಂಡಿತು. ಆಪತ್ತು ಬಂದಾಗ ವಿಮಾನವೇರಿ ಹೋದರಾಯಿತೆಂದು ನಂಬಿದ್ದವರಿಗೆ ಬಾಗಿಲು ಒಳಗಿನವರ ಕೈಯಲ್ಲಿರುತ್ತದೆಂಬುದು ಅಂದು ತಿಳಿದಿರಬೇಕು.

ಅಮೆರಿಕದೊಳಗೇ ಉಳಿಯಬಯಸುವವರಿಗೆ ಬೇರೆ ಏರ್ಪಾಡುಗಳಿವೆ. ಕ್ಯಾನ್ಸಸ್ ರಾಜ್ಯದಲ್ಲಿ ಹಿಂದೆ ಅಟ್ಲಾಸ್ ಕ್ಷಿಪಣಿಯನ್ನಿಟ್ಟಿದ್ದ ನೆಲದಡಿಯ ಬಾವಿಯೊಂದನ್ನು 15 ಅಂತಸ್ತುಗಳ ವಸತಿಗೃಹವಾಗಿ ಮಾರ್ಪಡಿಸಿ, ಒಂದು ಪೂರ್ಣ ಅಂತಸ್ತಿಗೆ 30 ಲಕ್ಷ ಡಾಲರಿನಂತೆ ಮಾರಿದರು. ಈಜುಕೊಳವಿದೆ, ಸಿನಿಮಾ ಮಂದಿರವಿದೆ, ಬಾಗಿಲಲ್ಲಿ ಬಂದೂಕಿನ ಕಾವಲಿದೆ. ಈ ಕಾವಲಿನ ವಿಷಯವೇ ಸ್ವಾರಸ್ಯವಾದದ್ದು. ಡಗ್ಲಾಸ್ ರಶ್‌ಕಾಫ್ ಎಂಬ ಅಮೆರಿಕದ ಪ್ರಾಧ್ಯಾಪಕರು ತಮ್ಮನ್ನು ಐವರು ಶ್ರೀಮಂತರು ಕರೆಸಿಕೊಂಡು ಆಡಿದ ಮಾತುಗಳನ್ನು 2018ರಲ್ಲಿ ಬರೆದು ಪ್ರಕಟಿಸಿದರು. ನ್ಯೂಜಿಲೆಂಡ್ ಲೇಸೋ ಅಲಾಸ್ಕ ಲೇಸೋ ಎಂಬಲ್ಲಿಂದ ಹೊರಟ ಸಂಭಾಷಣೆ ಕೊನೆಗೆ ಬಂದು ನಿಂತದ್ದು ಬೇರೆಯೇ ಪ್ರಶ್ನೆಯಲ್ಲಿ. ಹಣಕ್ಕೆ ಬೆಲೆಯಿಲ್ಲದ ದಿನ ಬಂದಾಗ ಕಾವಲಿನವರು ತಮ್ಮ ಮಾತು ಕೇಳುವಂತೆ ಮಾಡುವುದು ಹೇಗೆ? ಉಗ್ರಾಣದ ಬೀಗದ ಗುಟ್ಟನ್ನು ತಾವೊಬ್ಬರೇ ಇಟ್ಟುಕೊಳ್ಳುವುದೇ? ಆಳುಗಳ ಕೊರಳಿಗೆ ಪಟ್ಟಿ ಕಟ್ಟುವುದೇ? ಅವರನ್ನು ಇಂದಿನಿಂದಲೇ ಮನೆಯವರಂತೆ ನಡೆಸಿಕೊಳ್ಳಿ ಎಂಬ ಪ್ರಾಧ್ಯಾಪಕರ ಸಲಹೆ ಆ ಮಹನೀಯರಿಗೆ ರುಚಿಸಲಿಲ್ಲವಂತೆ. ಗಲ್ಲಾದ ಮೇಲೆ ಕುಳಿತವರಿಗೂ ಭಟ್ಟಿಯ ಮುಂದೆ ನಿಂತವರಿಗೂ ಇರುವ ಸಂಬಂಧವನ್ನು ಬಲ್ಲ ನಮ್ಮ ಹೋಟೆಲ್ ನೌಕರರಿಗೆ ಈ ಪ್ರಸಂಗಕ್ಕೆ ವ್ಯಾಖ್ಯಾನ ಬೇಕಿಲ್ಲ.

ಸ್ವಿಟ್ಜರ್ಲೆಂಡಿನವರ ರೀತಿ ಬೇರೆ. 1963ರ ಕಾನೂನಿನ ಆಧಾರದ ಮೇಲೆ ಆ ದೇಶ ಪ್ರತಿಯೊಬ್ಬ ನಿವಾಸಿಗೂ ನೆಲಮಾಳಿಗೆಯ ಆಶ್ರಯದಲ್ಲಿ ಒಂದು ಸ್ಥಳವನ್ನು ಒದಗಿಸುತ್ತ ಬಂದಿದೆ. ಸುಮಾರು 90 ಲಕ್ಷ ಜನಕ್ಕಾಗುವಷ್ಟು ಸ್ಥಳ ಅಲ್ಲಿದೆ. ಬ್ಯಾಂಕಿನ ಧಣಿಗೂ ಅವನ ಮಹಡಿ ಗುಡಿಸುವವನಿಗೂ ಅಲ್ಲಿ ಒಂದೊಂದೇ ಮಂಚ. ಅಲ್ಲಿಯೂ ಎಲ್ಲವೂ ಸುಸೂತ್ರವೆಂದಲ್ಲ. ಲೂಸರ್ನ್ ನಗರದ ಸುರಂಗದಲ್ಲಿ 20,000 ಜನಕ್ಕೆಂದು ಕಟ್ಟಿದ್ದ ಆಶ್ರಯದಲ್ಲಿ 1987ರಲ್ಲಿ ಅಭ್ಯಾಸ ನಡೆಸಿದಾಗ ಹೆಬ್ಬಾಗಿಲೊಂದು ಸರಿಯಾಗಿ ಮುಚ್ಚಲೇ ಇಲ್ಲ.

ಇನ್ನು ನಮ್ಮ ಮಾತು. ನಮ್ಮವರಿಗೆ ಆಪತ್ಕಾಲದ ನೆಲೆಯೆಂದರೆ ಊರು. ಇದಕ್ಕೆ ಪಟ್ಟಿಯಾಗಲಿ ಅಂಕಗಳಾಗಲಿ ಬೇಡ. 1942ರ ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿನ ಬಾಂಬು ಬಿದ್ದ ಕೆಲವೇ ದಿನಗಳಲ್ಲಿ ಮದರಾಸಿನ ಜನ ತಂಡೋಪತಂಡವಾಗಿ ರೈಲು ಹತ್ತಿ ಒಳನಾಡಿಗೆ ಹೋದರು. ಅಂದು ಕಡಲ ತೀರವೇ ಅಪಾಯದ ಸ್ಥಳ, ಒಳನಾಡು ಕ್ಷೇಮ. 2020ರಲ್ಲಿ ಅಪಾಯ ಯಾವ ದಿಕ್ಕಿನದೂ ಆಗಿರಲಿಲ್ಲ. ಅದು ಮನುಷ್ಯನ ಉಸಿರಿನಲ್ಲಿತ್ತು. ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆಗಳ ಮುನ್ಸೂಚನೆಯ ಮೇಲೆ ದೇಶವೇ ಸ್ತಬ್ಧವಾಯಿತು. ರೈಲಿಲ್ಲ, ಬಸ್ಸಿಲ್ಲ. ಹೋಟೆಲು ಮುಚ್ಚಿದಾಗ ಮಾಣಿಗೆ ಸಂಬಳದೊಡನೆ ಊಟವೂ ಮಲಗುವ ಜಾಗವೂ ಹೋಗುತ್ತದೆಂಬುದು ಹೊರಗಿನವರಿಗೆ ಅಂದು ಗೊತ್ತಾಯಿತು. ಹೇಗೋ ಗಡಿಯವರೆಗೆ ಬರಲು ಸಿದ್ಧರಾದವರು ಸರ್ಕಾರದ ಸೇವಾ ಸಿಂಧು ಜಾಲದಲ್ಲಿ ಅರ್ಜಿ ಹಾಕಿ ಪಾಸಿಗಾಗಿ ಕಾದರು. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದಿತು. ಅದಕ್ಕೂ ಮೊದಲು ಕೇರಳದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದರಿಂದ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ತೊಳಲಿದರು. ಉಡುಪಿಗೂ ಮಂಡ್ಯದ ಕೃಷ್ಣರಾಜಪೇಟೆಗೂ ಬಂದು ಸೇರಿದ ಮುಂಬಯಿಯವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಬೇರೆಯಾಗಿ ಇರಿಸಿದರು. ‘ಮುಂಬಯಿಯಿಂದ ಬಂದವನು’ ಎಂಬುದು ಕೆಲವು ತಿಂಗಳ ಕಾಲ ರೋಗದ ಹೆಸರೇ ಆಗಿತ್ತು. ಸರ್ಕಾರದ ಭಯಕ್ಕೆ ಕಾರಣವಿರಲಿಲ್ಲವೆನ್ನಲಾರೆವು. ಆ ದಿನಗಳಲ್ಲಿ ಉಡುಪಿಯಲ್ಲಿ ಏರಿದ ರೋಗಿಗಳ ಸಂಖ್ಯೆಯಲ್ಲಿ ಹಿಂದಿರುಗಿದವರೇ ಬಹುಮಂದಿ. ಆದರೂ ತನ್ನ ಊರಿನ ಬಾಗಿಲಲ್ಲಿ ಪರದೇಶಿಯಾಗಿ ನಿಂತವನ ನೋವು ಅಂಕಿಗಳಿಂದ ಅಳಿಯುವುದಿಲ್ಲ.

ಆ ಇಂಗ್ಲಿಷ್ ವಿದ್ವಾಂಸರ ಅಳತೆಗೋಲನ್ನು ನಮ್ಮ ಕರಾವಳಿಗೆ ಹಿಡಿದರೆ ಫಲ ಮಿಶ್ರವಾದದ್ದು. ಶರಾವತಿ, ಕಾಳಿ ನದಿಗಳ ವಿದ್ಯುತ್ತು ಹತ್ತಿರವೇ ಇದೆ. ಕಡಲಲ್ಲಿ ಮೀನಿದೆ. ಮಳೆಗೆ ಬರವಿಲ್ಲ. ಆದರೆ ಆ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಸಮುದ್ರ ಸೇರುತ್ತದೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ ಉಡುಪಿಯ ನಲ್ಲಿಗಳು ಒಣಗಿದ್ದವು. ಘಾಟಿಯ ದಾರಿ ನಂಬುವಂಥದಲ್ಲ. 2018ರ ಮಳೆಯಲ್ಲಿ ಶಿರಾಡಿ ಕುಸಿದು ಸಂಚಾರ ನಿಂತಿತ್ತು. ಅಕ್ಕಿಯ ವಿಷಯವಂತೂ ಲಜ್ಜೆ ತರುವಂಥದು. ಗದ್ದೆಗಳು ಹಡಿಲು ಬಿದ್ದು, ಮನೆಯವರು ಕುಚ್ಚಲಕ್ಕಿಯನ್ನು ಅಂಗಡಿಯಿಂದ ತರುತ್ತಾರೆ. ಗದ್ದೆ ಹಡಿಲಾದದ್ದು ಏಕೆಂದು ಕೇಳಿದರೆ, ಉಳಬೇಕಾದವರು ಮುಂಬಯಿಯಲ್ಲಿ ದೋಸೆ ಹುಯ್ಯುತ್ತಿದ್ದಾರೆ ಎಂಬುದೂ ಉತ್ತರದ ಒಂದು ಭಾಗವೆಂದು ನಾವು ಒಪ್ಪಿಕೊಳ್ಳಬೇಕು. 2021ರಲ್ಲಿ ಉಡುಪಿಯ ಸುತ್ತಮುತ್ತ ಹಡಿಲು ಗದ್ದೆಗಳನ್ನು ಮತ್ತೆ ಉಳುವ ಆಂದೋಲನವೇ ನಡೆಯಿತು. ಹಿಂದಿನ ವರ್ಷದ ಭಯ ಮನಸ್ಸಿನಿಂದ ಮಾಸುವ ಮೊದಲು ನಡೆದ ಕೆಲಸ ಅದು.

ಪಟ್ಟಣದಲ್ಲಿಯೇ ಇರಬೇಕಾದವರಿಗೆ ಈ ನಡುವೆ ಒಂದು ಆಧಾರ ದೊರೆತಿದೆ. ಒಂದೇ ರೇಷನ್ ಕಾರ್ಡಿನ ಮೇಲೆ ಯಾವ ರಾಜ್ಯದಲ್ಲಾದರೂ ಧಾನ್ಯ ಪಡೆಯುವ ವ್ಯವಸ್ಥೆ 2019ರಲ್ಲಿ ಆರಂಭವಾಗಿ, 2022ರ ಜೂನಿನಲ್ಲಿ ಎಲ್ಲ ರಾಜ್ಯಗಳೂ ಅದರಲ್ಲಿ ಸೇರಿದವು. ಊರಿನ ಕಾರ್ಡಿನಲ್ಲಿ ಹೆಸರಿರುವವನು ತನ್ನ ಪಾಲನ್ನು ಇಲ್ಲಿ ಪಡೆಯಬಹುದು, ಹೆಂಡತಿ ಮಕ್ಕಳು ತಮ್ಮ ಪಾಲನ್ನು ಅಲ್ಲಿ. ಆಧಾರಿನ ಜೋಡಣೆ ಆಗಿರಬೇಕು, ಅಷ್ಟೇ. 2020ರಲ್ಲಿ ಊರಿನ ಕಾರ್ಡು ಊರಿನಲ್ಲಿಯೇ ಉಳಿದು ಇಲ್ಲಿ ಹಸಿದವರು ಬಹಳ ಮಂದಿ.

ಉಳಿದವರೆಂದರೆ, ಅಜ್ಜನ ಕಾಲಕ್ಕೇ ಬಂದು ನೆಲಸಿ, ಊರಿನ ಮನೆಯನ್ನು ಮಾರಿ ಪಾಲು ಹಂಚಿಕೊಂಡು, ಇಂದು ಕಚೇರಿಗಳಲ್ಲಿ ಗುಮಾಸ್ತರಾಗಿರುವವರು. ಯಾವ ಗಡಿ ತೆರೆದರೂ ಅವರು ಹೋಗತಕ್ಕ ಸ್ಥಳವಿಲ್ಲ. ಅವರ ಮಟ್ಟಿಗೆ ಆಶ್ರಯಸ್ಥಾನವೆಂದರೆ ತಾವಿರುವ ಚಾಳು, ಅದರ ನೀರಿನ ಟಾಕಿ, ಪಕ್ಕದ ಖೋಲಿಯ ಮರಾಠಿ ಕುಟುಂಬ, ತಿಂಗಳ ಲೆಕ್ಕದಲ್ಲಿ ಅಕ್ಕಿ ಕೊಡುವ ಮೂಲೆಯ ಅಂಗಡಿ. 2020ರ ಏಪ್ರಿಲಿನಲ್ಲಿ ಅವರೂ, ಊರಿಗೆ ಹೋಗಲಾಗದ ಮಾಣಿಗಳೂ ಉಂಡದ್ದು ಅಂಥ ಅಂಗಡಿಯ ಸಾಲದಿಂದ, ನಮ್ಮ ಸಂಘಗಳು ಹಂಚಿದ ಅಕ್ಕಿ ಬೇಳೆಯಿಂದ, ಮತ್ತು ಶಟರನ್ನು ಅರ್ಧ ಎಳೆದು ಒಳಗೆ ತಮ್ಮ ಹುಡುಗರಿಗೆ ಗಂಜಿ ಬೇಯಿಸಿದ ಕೆಲವು ಮಾಲೀಕರ ಉಗ್ರಾಣದಿಂದ.