ಪರದೆ ನಮ್ಮ ಕಡೆ ತಿರುಗಲಿ!



ಹೊಸ ಯಂತ್ರವೊಂದು ಬಂದಾಗ ಅದು ಹೇಗಿದೆ ಎಂದು ಯಾರನ್ನು ಕೇಳಬೇಕು? ಮಾರಿದವನನ್ನೇ? ಕೊಂಡ ಸರ್ಕಾರವನ್ನೇ? ಅಲ್ಲ. ಅದರ ಮುಂದೆ ಮೊದಲು ನಿಂತು ಕೆಲಸ ಮಾಡಿಸಿಕೊಂಡವನನ್ನು ಕೇಳಬೇಕು. ಆ ಮೊದಲ ಮಾತಿನಲ್ಲಿ ಸುಳ್ಳಿರುವುದಿಲ್ಲ.

ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಕಂಪ್ಯೂಟರ್ ಮೊದಲು ನಮ್ಮ ರೈತನ ಎದುರಿಗೆ ಬಂದದ್ದು ಆಟಕ್ಕಲ್ಲ, ಪಹಣಿಗೆ. ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಅದು. ಎನ್.ಐ.ಸಿ. ತಂತ್ರಾಂಶ ಬರೆಯಿತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಪರೀಕ್ಷೆ ನಡೆಯಿತು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಿಗೂ ಅದು ಬಂತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಯಂತ್ರದೊಳಗೆ ಸೇರಿದವು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. 15 ರೂಪಾಯಿ ಕೊಟ್ಟರೆ ಮುದ್ರಿಸಿದ ಪಹಣಿ ಕೈಗೆ ಬರುತ್ತಿತ್ತು.

ಅದಕ್ಕೆ ಮುಂಚೆ ಏನಿತ್ತು ಎಂದು ಹಿರಿಯರನ್ನು ಕೇಳಿ. ರಾಜ್ಯದಲ್ಲಿದ್ದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಎಲ್ಲರ ಭೂಮಿಯ ಲೆಕ್ಕ ಇತ್ತು. ಅವರು ಸಿಕ್ಕ ದಿನವೇ ಪಹಣಿ, ಸಿಗದಿದ್ದರೆ ಇನ್ನೊಂದು ದಿನದ ಬಸ್ ಛಾರ್ಜು. ಬಿತ್ತನೆ ಹೊತ್ತಿಗೆ ಪಹಣಿ ಇಲ್ಲದಿದ್ದರೆ ಬೆಳೆಸಾಲ ಇಲ್ಲ, ಬೆಳೆಸಾಲ ಇಲ್ಲದಿದ್ದರೆ ಬಡ್ಡಿ ಸಾಹುಕಾರನ ಬಾಗಿಲು!

ಹೊಸ ಯಂತ್ರ ಬಳಸಿದ ಮೊದಲಿಗರು ಏನೆಂದರು? ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಅವರನ್ನೇ ಕೇಳಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವು ಎಂದವರು ನೂರಕ್ಕೆ 66 ಮಂದಿ. ‘ಭೂಮಿ’ ಕೌಂಟರಿನಲ್ಲಿ ಕೊಟ್ಟೆವು ಎಂದವರು ನೂರಕ್ಕೆ 3 ಮಂದಿ. ಎಲ್ಲವೂ ಚಿನ್ನವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಹಳೆಯ ಪುಸ್ತಕದ ತಪ್ಪುಗಳು ಯಂತ್ರದೊಳಗೂ ಹೋದವು. ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಭೂ ವ್ಯಾಪಾರಿಗಳಿಗೇ ಅನುಕೂಲವಾಯಿತು ಎಂದು ಸಂಶೋಧಕರು 2007ರಲ್ಲಿ ಟೀಕಿಸಿದರು. ಅದನ್ನೂ ಮರೆಯಬಾರದು.

ಆದರೆ ಹೆಚ್ಚು ಮಂದಿ ಗಮನಿಸದ ಒಂದು ಸಂಗತಿ ಇದೆ. ಆ ಕೌಂಟರುಗಳಲ್ಲಿ ಎರಡು ಪರದೆ ಇಡುವ ಏರ್ಪಾಡಿತ್ತು. ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ! ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ನಿಂತವನೂ ನೋಡಬಹುದಿತ್ತು. ಅದರಲ್ಲಿ ಇದ್ದದ್ದು ಕನ್ನಡ.

ನಮ್ಮ ದೊಡ್ಡಪ್ಪನವರು ಓದಿದ್ದು ನಾಲ್ಕನೇ ಕ್ಲಾಸು. ಒಂದು ತಾಲ್ಲೂಕಿನ ಕೌಂಟರಿನಲ್ಲಿ, ಊರ ಹೆಸರು ಬೇಡ, ಅವರು ಪರದೆಗೆ ಮುಖ ಕೊಟ್ಟು ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ತಡಿಯಪ್ಪಾ, ನಮ್ಮಪ್ಪ ಮಾದಯ್ಯ, ಮಾದಪ್ಪ ಅಲ್ಲ” ಎಂದರು. ಅಂದೇ ತಿದ್ದುಪಡಿಗೆ ಅರ್ಜಿ ಕೊಟ್ಟು ಬಂದರು. ಆ ಪರದೆಯಲ್ಲಿ ಇಂಗ್ಲಿಷ್ ಇದ್ದಿದ್ದರೆ? ತಲೆಯಾಡಿಸಿ, ದುಡ್ಡು ಕೊಟ್ಟು, ತಪ್ಪು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಬರುತ್ತಿದ್ದರು. ಹತ್ತು ವರ್ಷದ ಮೇಲೆ ದಾಯಾದಿಗಳ ಜಗಳದಲ್ಲಿ ಆ ತಪ್ಪು ಕೋರ್ಟಿಗೆ ಹತ್ತುತ್ತಿತ್ತು.

ಯಂತ್ರಕ್ಕೆ ಕನ್ನಡ ತಾನಾಗಿ ಬರಲಿಲ್ಲ, ಬಂಧುಗಳೇ. ಕೆ.ಪಿ. ರಾವ್ ಅವರಂಥವರು ಕೀಲಿಮಣೆಗೆ ತಲೆ ಕೆಡಿಸಿಕೊಂಡರು. ಶೇಷಾದ್ರಿವಾಸು 1998ರಲ್ಲಿ ‘ಬರಹ’ ಕೊಟ್ಟರು. ಕನ್ನಡ ಗಣಕ ಪರಿಷತ್ತು ‘ನುಡಿ’ ರೂಪಿಸಿತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದರು. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ ಮೈಕ್ರೋಸಾಫ್ಟಿನ ವಿಂಡೋಸ್‌ನಲ್ಲಿ ಕನ್ನಡ ಬರಲು 2001ರ ಎಕ್ಸ್‌ಪಿ ತನಕ ಕಾಯಬೇಕಾಯಿತು. ಅದರ ಅಕ್ಷರಕ್ಕೆ ಇಟ್ಟ ಹೆಸರು ‘ತುಂಗಾ’. ಹೊಳೆಯ ಹೆಸರು ಬಂದರೆ ಸಾಲದು, ನೀರು ನಮ್ಮ ಗದ್ದೆಗೂ ಬರಬೇಕಲ್ಲವೇ?

ಈಗ ನಿಮ್ಮ ಊರಿನ ಕೌಂಟರುಗಳನ್ನೇ ನೋಡಿ. ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎಂಬ ನೆಪಕ್ಕೆ ಈಗ ಜಾಗವೇ ಇಲ್ಲ, ಎಲ್ಲರ ಕಿಸೆಯ ಫೋನಿನಲ್ಲೂ ಕನ್ನಡ ಮೂಡುತ್ತದೆ. ಆದರೂ ಎಷ್ಟೋ ಕಡೆ ಸಾಲದ ಕರಾರು ಇಂಗ್ಲಿಷಿನಲ್ಲಿ, ವಿಮೆಯ ಷರತ್ತು ಇಂಗ್ಲಿಷಿನಲ್ಲಿ. “ಇಲ್ಲಿ ಸೈನ್ ಹಾಕಿ” ಎಂಬ ಮಾತು ಮಾತ್ರ ಕನ್ನಡದಲ್ಲಿ! ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನಿಗೂ ಓದಲಾಗದ ಪರದೆಗೆ ಬೆರಳು ಒತ್ತುವವನಿಗೂ ಏನು ವ್ಯತ್ಯಾಸ?

ಬ್ಯಾಂಕಿನ ಗ್ರಾಹಕರ ನಮೂನೆಗಳು ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ಪ್ರಾಂತ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಇದು ನಾವು ಬೇಡುವ ಭಿಕ್ಷೆಯಲ್ಲ. ಆದರೆ ಕೇಳದವನಿಗೆ ಯಾರೂ ಕರೆದು ಕೊಡುವುದಿಲ್ಲ.

ಆದ್ದರಿಂದ ಬಂಧುಗಳೇ, ನಾಳೆಯಿಂದಲೇ ಮೂರು ಕೆಲಸ ಮಾಡಿ. ಕನ್ನಡದ ನಮೂನೆ ಕೇಳಿ, ಇಲ್ಲವೆಂದರೆ ಆ ‘ಇಲ್ಲ’ವನ್ನು ಬರೆದು ಕೊಡಿ ಎನ್ನಿ. ಪರದೆಯಲ್ಲಿ ನಿಮ್ಮ ಹೆಸರು, ಸರ್ವೆ ನಂಬರು, ಮೊತ್ತ ತೋರಿಸಿ ಎನ್ನಿ. ಓದಲು ಬಾರದವರು ಪಕ್ಕದಲ್ಲಿದ್ದರೆ ಅವರ ಕಾಗದ ಓದಿ ಹೇಳಿ. ಕೌಂಟರಿನ ಹುಡುಗನ ಮೇಲೆ ಎಗರಾಡಬೇಡಿ, ಯಂತ್ರ ಕೊಂಡವನು ಅವನಲ್ಲ. ಮೇಲಧಿಕಾರಿಗೆ ಅರ್ಜಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ.

ನಾಲ್ಕನೇ ಕ್ಲಾಸು ಓದಿದ ರೈತ ತನ್ನ ಅಪ್ಪನ ಹೆಸರನ್ನು ತಾನೇ ತಿದ್ದಿಸಿಕೊಂಡದ್ದು ಎರಡು ದಶಕಗಳ ಹಿಂದಿನ ಮಾತು. ಅಂದು ಆದದ್ದು ಇಂದು ಆಗದು ಎಂದು ಯಾರಾದರೂ ಹೇಳಿದರೆ, ನಂಬುತ್ತೀರಾ?