ಮಹಾಯುದ್ಧದ ಶಬ್ದಾರ್ಥ ವಿಚಾರ

ಪ್ರೌಢಶಾಲೆಯ ಚರಿತ್ರೆಯ ಪಾಠಗಳಲ್ಲಿ ಮೊದಲನೆಯ ಮಹಾಯುದ್ಧದ ಪ್ರಕರಣವು ಸಾಮಾನ್ಯವಾಗಿ ಒಂದೇ ಬಗೆಯ ವಾಕ್ಯದಿಂದ ಮೊದಲಾಗುವುದುಂಟು: ‘1914ರಲ್ಲಿ ಯುದ್ಧ ಸ್ಫೋಟಿಸಿತು.’ ವ್ಯಾಕರಣವನ್ನು ಬಲ್ಲವರು ಈ ವಾಕ್ಯದ ಮುಂದೆ ಕ್ಷಣಕಾಲ ನಿಲ್ಲಬೇಕು. ಇಲ್ಲಿ ಕ್ರಿಯಾಪದವುಂಟು, ಕಾಲವುಂಟು. ಆದರೆ ಕರ್ತೃವಿನ ಆಸನದಲ್ಲಿ ಯುದ್ಧವೇ ಕುಳಿತುಬಿಟ್ಟಿದೆ. ಮಾಡಿದವರು ಮರೆಯಾಗಿದ್ದಾರೆ. ಗುಡುಗು ಗುಡುಗಿತು, ಮಳೆ ಸುರಿಯಿತು ಎಂಬಂತೆ ಯುದ್ಧವೂ ಸ್ಫೋಟಿಸಿತು! ಇದನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ಅನಂತರ ‘ಕಾರಣಗಳು’ ಎಂಬ ತಲೆಬರಹದ ಕೆಳಗೆ ಸಾಮ್ರಾಜ್ಯವಾದ, ಸೈನಿಕವಾದ, ಸಂಕುಚಿತ ರಾಷ್ಟ್ರೀಯತೆ, ರಹಸ್ಯ ಒಪ್ಪಂದಗಳು ಎಂದು ಬರೆದು ಅಂಕಗಳನ್ನು ಪಡೆಯುತ್ತಾನೆ. ಆ ಪದಗಳು ಸುಳ್ಳಲ್ಲ. ಆದರೆ 1913ರಲ್ಲಿಯೂ ಅವೆಲ್ಲ ಇದ್ದುವು. ಆ ವರುಷ ಯುರೋಪಿನ ಮಹಾರಾಷ್ಟ್ರಗಳು ಪರಸ್ಪರ ಯುದ್ಧ ಮಾಡಲಿಲ್ಲ. ಹಾಗಾದರೆ 1914ರಲ್ಲಿ ಯಾರು ಏನು ಮಾಡಿದರು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಕೆಲವು ಶಬ್ದಗಳ ಅರ್ಥವನ್ನು ಕರಾರುವಾಕ್ಕಾಗಿ ತಿಳಿಯದೆ ಗತ್ಯಂತರವಿಲ್ಲ.

ಮೊದಲು ‘ಒಪ್ಪಂದ’. 1882ರಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೆರಿ, ಇಟಲಿಗಳು ಮಾಡಿಕೊಂಡದ್ದೂ ಒಪ್ಪಂದ. 1904ರಲ್ಲಿ ಇಂಗ್ಲೆಂಡ್ ಫ್ರಾನ್ಸಿನೊಡನೆಯೂ 1907ರಲ್ಲಿ ರಷ್ಯದೊಡನೆಯೂ ಮಾಡಿಕೊಂಡದ್ದೂ ಒಪ್ಪಂದವೆಂದೇ ಪುಸ್ತಕಗಳು ಹೇಳುತ್ತವೆ. ಮೊದಲನೆಯದರಲ್ಲಿ ನಿಯತ ಸಂದರ್ಭಗಳಲ್ಲಿ ಯುದ್ಧಕ್ಕೆ ಬರುವ ಕಟ್ಟುಪಾಡು ಇತ್ತು. ಎರಡನೆಯವು ವಸಾಹತುಗಳ ಮೇರೆಯ ತಂಟೆಗಳನ್ನು ತೀರಿಸಿಕೊಂಡ ಸೌಹಾರ್ದಗಳು ಮಾತ್ರ. ಅವುಗಳಿಂದ ಇಂಗ್ಲೆಂಡಿಗೆ ಯುದ್ಧಕ್ಕಿಳಿಯುವ ಬಾಧ್ಯತೆ ಇರಲಿಲ್ಲ. ಈ ಅಂತರವನ್ನರಿಯದವನಿಗೆ 1914ರ ಆಗಸ್ಟ್ ಮೊದಲ ದಿನಗಳಲ್ಲಿ ಲಂಡನ್ನಿನ ಮಂತ್ರಿಮಂಡಲ ಏಕೆ ಇಬ್ಭಾಗವಾಗಿ ತೊಳಲಾಡಿತು ಎಂಬುದು ಒಗಟಾಗಿಯೇ ಉಳಿಯುತ್ತದೆ.

ಕನ್ನಡದ ಅಧ್ಯಾಪಕನಿಗೆ ಇಲ್ಲಿ ಒಂದು ಹಳೆಯ ಆಸ್ತಿ ನೆರವಾಗಬಲ್ಲದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಷಾಡ್ಗುಣ್ಯವೆಂಬ ಪ್ರಕರಣವಿದೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಶಾಸ್ತ್ರಿಗಳ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಹೊರಬಂದದ್ದು 1915ರಲ್ಲಿ, ಯುರೋಪು ಈ ಆರನ್ನೂ ರಕ್ತದಲ್ಲಿ ಬರೆಯುತ್ತಿದ್ದ ವರುಷದಲ್ಲಿಯೇ. ಇಟಲಿಯನ್ನು ನೋಡಿ. ಜರ್ಮನಿಯ ಮಿತ್ರನಾಗಿದ್ದು, 1914ರಲ್ಲಿ ಆಸನವನ್ನು ಹಿಡಿದು ಕುಳಿತು, ಎರಡು ಪಕ್ಷಗಳೊಡನೆಯೂ ಬೆಲೆ ಮಾತಾಡಿ, 1915ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ರಹಸ್ಯ ಸಂಧಿ ಮಾಡಿಕೊಂಡು, ಮೇ ತಿಂಗಳಲ್ಲಿ ಹಳೆಯ ಮಿತ್ರನಾದ ಆಸ್ಟ್ರಿಯಾದ ಮೇಲೆಯೇ ಯುದ್ಧ ಸಾರಿತು. ದ್ವೈಧೀಭಾವಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ಯಾವ ವ್ಯಾಖ್ಯಾನಕಾರನೂ ಕೊಡಲಾರ. ಕನ್ನಡದ ಶಾಸನಗಳಲ್ಲಿ ‘ಸಂಧಿವಿಗ್ರಹಿ’ ಎಂಬ ಅಧಿಕಾರಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಸಂಧಿಯನ್ನೂ ವಿಗ್ರಹವನ್ನೂ ಮಾಡುವವನು ಒಬ್ಬ ಮನುಷ್ಯ, ಅವನಿಗೊಂದು ಹೆಸರುಂಟು ಎಂಬ ಅರಿವು ಆ ಪದದಲ್ಲಿಯೇ ಅಡಗಿದೆ.

ಇನ್ನು ‘ಯಾನ’ದ ಮಾತು. ಇಂದಿನ ಪತ್ರಿಕೆಗಳು ‘ಸೇನಾ ಜಮಾವಣೆ’ ಎನ್ನುವ ಕಾರ್ಯ ಇದಕ್ಕೆ ಹತ್ತಿರದ್ದು. 1914ರ ಜುಲೈ ತಿಂಗಳ ಇಡೀ ರಹಸ್ಯ ಈ ಒಂದು ಶಬ್ದದಲ್ಲಿದೆಯೆಂದರೆ ಅತಿಶಯೋಕ್ತಿಯಾಗದು. ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡನನ್ನೂ ಅವನ ಪತ್ನಿ ಸೋಫಿಯನ್ನೂ ಗಾವ್ರಿಲೊ ಪ್ರಿನ್ಸಿಪ್ ಎಂಬ 19 ವರುಷದ ತರುಣ ಗುಂಡಿಟ್ಟು ಕೊಂದನು. ಆದರೆ ಆಸ್ಟ್ರಿಯಾ ಸರ್ಬಿಯಾಕ್ಕೆ ಅಂತಿಮ ಎಚ್ಚರಿಕೆಯನ್ನು ಕೊಟ್ಟದ್ದು ಜುಲೈ 23ರಂದು. ನಡುವೆ ಮೂರು ವಾರಗಳಿಗೂ ಹೆಚ್ಚಿನ ಅವಧಿ ಸಂದಿತ್ತು. ಉತ್ತರಕ್ಕೆ ಕೊಟ್ಟ ಗಡುವಾದರೋ 48 ಗಂಟೆ. ಸರ್ಬಿಯಾ ಬಹುಪಾಲು ಬೇಡಿಕೆಗಳನ್ನು ಒಪ್ಪಿತು. ಆ ಉತ್ತರವನ್ನು ಓದಿದ ಜರ್ಮನಿಯ ಕೈಸರನೇ ಯುದ್ಧಕ್ಕೆ ಇನ್ನು ಕಾರಣ ಉಳಿಯಲಿಲ್ಲವೆಂದು ಬರೆದನು. ಆ ದಿನವೇ, ಜುಲೈ 28ರಂದು, ಆಸ್ಟ್ರಿಯಾ ಯುದ್ಧ ಸಾರಿತು. ಹೀಗೆ ದಿನಗಳನ್ನು ಎಣಿಸಿದಾಗ ಸರಾಯೆವೊ ಕಾರಣವೋ ನೆಪವೋ ಎಂಬ ಸಂಶಯ ಬಾಲಕನಿಗೂ ಹುಟ್ಟುತ್ತದೆ, ಹುಟ್ಟಬೇಕು.

ರಷ್ಯದ ಜಾರ್ ಎರಡನೆಯ ನಿಕೋಲಸ್ ಜುಲೈ 29ರಂದು ಸಮಗ್ರ ಜಮಾವಣೆಗೆ ಒಪ್ಪಿ, ಬಂಧುವಾದ ಕೈಸರನ ತಂತಿ ಬಂದೊಡನೆ ಅಪ್ಪಣೆಯನ್ನು ಹಿಂತೆಗೆದುಕೊಂಡು, ಮರುದಿನ ಮಂತ್ರಿಗಳ ಒತ್ತಾಯಕ್ಕೆ ಮಣಿದು ಮತ್ತೆ ಅಪ್ಪಣೆ ಕೊಟ್ಟನು. ರಷ್ಯಕ್ಕೆ ಜಮಾವಣೆಯೆಂದರೆ ಸೈನಿಕರನ್ನು ಕರೆಸಿ ಗಡಿಯ ಬಳಿ ನಿಲ್ಲಿಸುವುದು. ಅಲ್ಲಿ ಅವರು ವಾರಗಟ್ಟಲೆ ನಿಂತಿರಬಹುದಾಗಿತ್ತು. ಜರ್ಮನಿಯಲ್ಲಿ ಅದೇ ಶಬ್ದಕ್ಕೆ ಬೇರೆಯೇ ಅರ್ಥ. ದಂಡನಾಯಕ ಷ್ಲೀಫೆನ್ನನ ಕಾಲದಿಂದ ಬೆಳೆದುಬಂದ ಯೋಜನೆಯಂತೆ ಮೊದಲು ಫ್ರಾನ್ಸನ್ನು ಬೇಗನೆ ಬಡಿದು, ಆಮೇಲೆ ರಷ್ಯದತ್ತ ತಿರುಗಬೇಕಾಗಿತ್ತು. ಆದುದರಿಂದ ಅಲ್ಲಿ ಜಮಾವಣೆಯ ರೈಲು ಹೊರಟಿತೆಂದರೆ ಅದು ಲಕ್ಸೆಂಬರ್ಗು, ಬೆಲ್ಜಿಯಮುಗಳ ಗಡಿಯನ್ನು ದಾಟಿಯೇ ತೀರಬೇಕು. ಆಗಸ್ಟ್ 1ರಂದು ಕೈಸರನು ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸೋಣವೆಂದಾಗ ಸೇನಾಧಿಪತಿ ಮೋಲ್ಟ್ಕೆ, ಅದು ಅಸಾಧ್ಯ, ಯೋಜನೆಯನ್ನು ಬದಲಿಸಲಾಗದು ಎಂದನು. ಯುದ್ಧಾನಂತರ ಅದೇ ಸೈನ್ಯದ ರೈಲ್ವೆ ವಿಭಾಗದ ಮುಖ್ಯಸ್ಥನಾಗಿದ್ದ ಅಧಿಕಾರಿ, ಬದಲಿಸುವುದು ಸಾಧ್ಯವಿತ್ತೆಂದು ಪುಸ್ತಕವನ್ನೇ ಬರೆದನು! ‘ಅನಿವಾರ್ಯ’ವೆಂಬ ಶಬ್ದವನ್ನು ಚರಿತ್ರೆಯ ಪುಸ್ತಕದಲ್ಲಿ ಕಂಡಾಗಲೆಲ್ಲ ಅದನ್ನು ಮೊದಲು ಯಾರು ಉಚ್ಚರಿಸಿದರೆಂದು ವಿಚಾರಿಸುವುದು ಒಳಿತು.

‘ತಟಸ್ಥ’ನೆಂದರೆ ದಡದಲ್ಲಿ ನಿಂತವನು. ಹೊಳೆಯಲ್ಲಿ ಇಬ್ಬರು ಸೆಣಸುತ್ತಿದ್ದರೆ ದಡದವನು ಒದ್ದೆಯಾಗುವುದಿಲ್ಲವೆಂಬುದು ಆ ಶಬ್ದದ ನಂಬಿಕೆ. ಬೆಲ್ಜಿಯಮಿನ ತಾಟಸ್ಥ್ಯಕ್ಕೆ 1839ರಲ್ಲಿ ಐದು ಪ್ರಬಲ ರಾಜ್ಯಗಳು ಹೊಣೆ ನಿಂತಿದ್ದುವು. ಆ ಐದರಲ್ಲಿ ಪ್ರಷ್ಯವೂ ಒಂದು. 75 ವರುಷಗಳ ತರುವಾಯ ಆ ದಡದ ಮೇಲೆಯೇ ಪ್ರವಾಹ ಹರಿಯಿತು. ಆ ಸಂಧಿಯನ್ನು ಜರ್ಮನಿಯ ಪ್ರಧಾನಿ ಒಂದು ಕಾಗದದ ಚೂರೆಂದು ಇಂಗ್ಲಿಷ್ ರಾಯಭಾರಿಗೆ ಹೇಳಿದನೆಂಬುದು ಪ್ರಸಿದ್ಧವಾದ ಸಂಗತಿ.

ಯುದ್ಧ ನಡೆದ ರೀತಿಯನ್ನು ವರ್ಣಿಸುವ ಶಬ್ದಗಳಲ್ಲಿ ‘ಕಂದಕ’ ಮುಖ್ಯವಾದುದು. ಕನ್ನಡಿಗನ ಕಿವಿಗೆ ಕಂದಕವೆಂದರೆ ಕೋಟೆಯ ಸುತ್ತಲಿನ ಅಗಳು. ಹಗೆಯನ್ನು ಹೊರಗೆ ತಡೆಯಲು ತೋಡಿದ್ದು. ಪಶ್ಚಿಮ ರಣರಂಗದ ಕಂದಕಗಳಲ್ಲಿ ಸೈನಿಕನೇ ಒಳಗಿದ್ದನು. ಉತ್ತರಸಮುದ್ರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಸುಮಾರು 700 ಕಿಲೋಮೀಟರು ಉದ್ದಕ್ಕೆ ಅವನು ಕೆಸರಿನಲ್ಲಿ ಉಂಡನು, ಮಲಗಿದನು, ಸತ್ತನು. ಎರಡು ಕಡೆಯವರೂ ಹೀಗೆ ಭೂಮಿಯೊಳಗೆ ಅಡಗಿ, ಮುಳ್ಳುತಂತಿಯನ್ನೂ ಮೆಷಿನ್‌ಗನ್ನುಗಳನ್ನೂ ಮುಂದಿಟ್ಟುಕೊಂಡಾಗ, ಗೆಲುವಿನ ಅರ್ಥವೇ ಬದಲಾಯಿತು. ಹಗೆಯ ಜನಬಲ ತನ್ನ ಜನಬಲಕ್ಕಿಂತ ಮೊದಲು ಸವೆದುಹೋಗಬೇಕು, ಅಷ್ಟೆ. ಇದನ್ನು ‘ಸವೆತದ ಯುದ್ಧ’ ಎನ್ನಬಹುದು. ‘ಕ್ಷಯಯುದ್ಧ’ ಎಂದರೂ ಸರಿ, ಕ್ಷಯವೆಂಬ ರೋಗದ ಧ್ವನಿಯೂ ಅದರಲ್ಲಿ ಕೇಳಿಸುತ್ತದೆ. 1916ರ ಜುಲೈ 1ರಂದು, ಸೊಮ್ ನದಿಯ ಬಳಿ, ಒಂದೇ ದಿನದಲ್ಲಿ ಬ್ರಿಟಿಷ್ ಸೈನ್ಯದ 19,240 ಮಂದಿ ಸತ್ತರು. ಗಾಯಗೊಂಡವರೂ ಕಾಣೆಯಾದವರೂ ಸೇರಿದರೆ 57,470. ನವೆಂಬರಿನಲ್ಲಿ ಕದನ ನಿಂತಾಗ ದೊರಕಿದ್ದ ನೆಲದ ಅಗಲ ಹೆಚ್ಚೆಂದರೆ ಹತ್ತು ಕಿಲೋಮೀಟರಿನಷ್ಟು.

ಇಂತಹ ಸಾವಿಗೆ ‘ವೀರಮರಣ’ವೆಂಬ ಶಬ್ದ ಹೊಂದುವುದೇ? ಕನ್ನಡನಾಡಿನ ಊರೂರುಗಳಲ್ಲಿ ನಿಂತ ವೀರಗಲ್ಲುಗಳನ್ನು ನೋಡಿದವರಿಗೆ ಈ ಪ್ರಶ್ನೆ ಸಹಜ. ತುಱುಗಾಳಗದಲ್ಲಿ ಹಸುಗಳನ್ನು ಮರಳಿಸಿ ಮಡಿದವನಿಗೆ ಊರವರು ಕಲ್ಲು ನಿಲ್ಲಿಸಿದರು. ಯಾರೊಡನೆ, ಏತಕ್ಕಾಗಿ ಕಾದಿದನೆಂಬುದನ್ನು ಎಷ್ಟೋ ಕಲ್ಲುಗಳು ಹೇಳುತ್ತವೆ. ಮಹಾಯುದ್ಧವಾದರೋ ಗುರುತಿಸಲಾಗದ ಶವಗಳ ಯುದ್ಧ. 1920ರ ನವೆಂಬರ್ 11ರಂದು ಲಂಡನ್ನಿನಲ್ಲಿಯೂ ಪ್ಯಾರಿಸಿನಲ್ಲಿಯೂ ‘ಅಜ್ಞಾತ ಯೋಧ’ನಿಗೆ ಅಂತಿಮ ಗೌರವ ಸಂದಿತು. ಹೆಸರಿಲ್ಲದವನಿಗೆ ಸ್ಮಾರಕವೆಂಬ ಕಲ್ಪನೆಯನ್ನು ವೀರಗಲ್ಲಿನ ಶಿಲ್ಪಿಗೆ ವಿವರಿಸುವುದು ಕಷ್ಟವಾಗುತ್ತಿತ್ತು. ಆದರೂ ಹಳೆಯ ಬಗೆಯ ಶೌರ್ಯ ಪೂರ್ತಿ ಅಳಿದಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲಾನ್ಸರ್ಸ್ ಮತ್ತು ಜೋಧಪುರ ಲಾನ್ಸರ್ಸ್ ದಳಗಳ ರಾವುತರು ಹೈಫಾ ನಗರವನ್ನು ಕುದುರೆಯ ಮೇಲೆ ನುಗ್ಗಿ ಹಿಡಿದರು; ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನೇರಿ ತುರ್ಕರ ಪಕ್ಷದ ತೋಪುಗಳ ಮೇಲೆ ಬಿದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರಲ್ಲಿ ಒಬ್ಬನು ಮೈಸೂರಿನ ಸೈನಿಕನ ಪ್ರತೀಕ. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರೂ ಸೇರಿತು. ಇದನ್ನು ಮಕ್ಕಳಿಗೆ ಹೇಳಲೇಬೇಕು. ಜೊತೆಗೆ, ಹೈಫಾದಂತಹ ದಿನಗಳು ಆ ಯುದ್ಧದಲ್ಲಿ ಅಪರೂಪವಾಗಿದ್ದುವೆಂದೂ, ಸೊಮ್‌ನಂತಹ ದಿನಗಳೇ ಹೆಚ್ಚೆಂದೂ ಹೇಳದಿದ್ದರೆ ಅಭಿಮಾನ ಮಾತ್ರ ಉಳಿದು ಅರಿವು ಹಿಂದೆ ಬೀಳುತ್ತದೆ.

‘ಸಮಗ್ರ ಯುದ್ಧ’ವೆಂಬ ಮಾತು ಸುಲಭವಾಗಿ ತಿಳಿಯುವಂಥದು. ಹೆಂಗಸರು ಮದ್ದುಗುಂಡಿನ ಕಾರ್ಖಾನೆಗೆ ಹೋದದ್ದು, ಪಡಿತರ ಬಂದದ್ದು, ಹಡಗುಗಳ ದಿಗ್ಬಂಧನದಿಂದ ಜರ್ಮನಿಯ ಮಕ್ಕಳು ಹಸಿದದ್ದು ಎಲ್ಲವೂ ಅದರೊಳಗೆ ಬರುತ್ತವೆ.

ಹೆಚ್ಚು ಎಚ್ಚರ ಬೇಕಾದದ್ದು ‘ವಿರಾಮ’ ಮತ್ತು ‘ಸಂಧಿ’ಗಳ ನಡುವೆ. 1918ರ ನವೆಂಬರ್ 11ರಂದು ಕಾಂಪಿಯೇನ್ ಅರಣ್ಯದ ರೈಲುಗಾಡಿಯೊಂದರಲ್ಲಿ ರುಜುವಾದದ್ದು ಯುದ್ಧವಿರಾಮ. ಅದರ ಅವಧಿ ಮೊದಲಿಗೆ 36 ದಿನ. ಮತ್ತೆ ಮತ್ತೆ ಮುಂದುವರಿಸಲಾಯಿತು. ಸಂಧಿಯಾದದ್ದು 1919ರ ಜೂನ್ 28ರಂದು ವರ್ಸೇಲ್ಸಿನಲ್ಲಿ, ಸರಾಯೆವೊ ಕೊಲೆಯಾಗಿ ಸರಿಯಾಗಿ ಐದು ವರುಷಕ್ಕೆ. ಈ ಏಳೂವರೆ ತಿಂಗಳಲ್ಲಿಯೂ ದಿಗ್ಬಂಧನ ಪೂರ್ತಿಯಾಗಿ ತೆರವಾಗಿರಲಿಲ್ಲ. ವಿರಾಮಕ್ಕೆ ಸಹಿ ಹಾಕಿದವರು ಜರ್ಮನ್ ಸೇನಾಧಿಪತಿಗಳಲ್ಲ. ಅವರು ಹಿಂದೆ ಸರಿದು ರಾಜಕಾರಣಿಯೊಬ್ಬನನ್ನು ಮುಂದೆ ಕಳುಹಿಸಿದರು. ತರುವಾಯ, ಸೈನ್ಯ ಸೋತಿರಲಿಲ್ಲ, ಮನೆಯೊಳಗಿನವರೇ ಬೆನ್ನಿಗಿರಿದರು ಎಂಬ ಕಟ್ಟುಕತೆಯನ್ನು ಹಬ್ಬಿಸಿದವರಲ್ಲಿ ಆ ಸೇನಾಧಿಪತಿಗಳೂ ಇದ್ದರು. 1940ರ ಜೂನಿನಲ್ಲಿ ಹಿಟ್ಲರನು ಅದೇ ರೈಲುಗಾಡಿಯನ್ನು ತರಿಸಿ ಅದರಲ್ಲಿಯೇ ಫ್ರಾನ್ಸಿನಿಂದ ಸಹಿ ಹಾಕಿಸಿಕೊಂಡನು.

ವರ್ಸೇಲ್ಸ್ ಸಂಧಿಯ 231ನೆಯ ವಿಧಿಯನ್ನು ‘ಯುದ್ಧಾಪರಾಧದ ವಿಧಿ’ಯೆಂದು ಕರೆಯುವ ರೂಢಿಯುಂಟು. ವಿಧಿಯೊಳಗೆ ಅಪರಾಧವೆಂಬ ಶಬ್ದವೇ ಇಲ್ಲ, ಇರುವುದು ಹೊಣೆ. ಜರ್ಮನರು ಅದನ್ನು ಅಪರಾಧವೆಂದು ಓದಿದರು, ಹಾಗೆಯೇ ನೊಂದರು. ಆ ಹೊಣೆಯ ಮೇಲೆ 1921ರಲ್ಲಿ ಹೇರಿದ ಮೊತ್ತ 13,200 ಕೋಟಿ ಚಿನ್ನದ ಮಾರ್ಕುಗಳು. ಕನ್ನಡದಲ್ಲಿ ಇದಕ್ಕೆ ‘ಯುದ್ಧಪರಿಹಾರ’ವೆನ್ನುತ್ತಾರೆ. ಪರಿಹಾರವೆಂದರೆ ನೆರೆಸಂತ್ರಸ್ತರಿಗೆ ಕೊಡುವುದೂ ಹೌದು, ಸಮಸ್ಯೆಗೆ ಕಾಣುವುದೂ ಹೌದು, ಶಾಸನಗಳಲ್ಲಿ ತೆರಿಗೆಯ ವಿನಾಯಿತಿಯೂ ಹೌದು. ಸೋತವನಿಂದ ವಸೂಲು ಮಾಡುವುದಕ್ಕೆ ‘ದಂಡ’ವೆಂಬ ಬಿಚ್ಚುಮಾತೇ ಲೇಸೆನ್ನುವವರೂ ಇರಬಹುದು. ಆ ಹಣವನ್ನು ತೆರಲು ಎತ್ತಿದ ಸಾಲದ ಬಡ್ಡಿಯ ಕೊನೆಯ ಕಂತನ್ನು ಜರ್ಮನಿ ಸಲ್ಲಿಸಿದ್ದು 2010ರ ಅಕ್ಟೋಬರ್ 3ರಂದು.

ಕೊನೆಯದಾಗಿ ‘ಸ್ವಯಂನಿರ್ಣಯ’. ಅಮೆರಿಕದ ಅಧ್ಯಕ್ಷ ವಿಲ್ಸನ್ನನು 1918ರಲ್ಲಿ ಪ್ರಚುರಪಡಿಸಿದ ಈ ತತ್ತ್ವದಿಂದ ಪೋಲೆಂಡು, ಚೆಕೊಸ್ಲೊವಾಕಿಯಾಗಳಿಗೆ ರಾಜ್ಯ ದೊರೆಯಿತು. ಅರಬರ ನಾಡುಗಳಿಗೆ ದೊರೆತದ್ದು ‘ಮ್ಯಾಂಡೇಟ್’ ಎಂಬ ಹೊಸ ಹೆಸರಿನ ಹಳೆಯ ಆಳ್ವಿಕೆ. ಇಂಗ್ಲೆಂಡಿನ ದೊರೆ 1914ರ ಆಗಸ್ಟ್ 4ರಂದು ಯುದ್ಧ ಸಾರಿದಾಗ ಭಾರತವನ್ನು ಯಾರೂ ಕೇಳಿರಲಿಲ್ಲ. ಹತ್ತು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಸಮುದ್ರ ದಾಟಿದರು. 70,000ಕ್ಕೂ ಹೆಚ್ಚು ಮಂದಿ ಮಡಿದರು. ವರ್ಸೇಲ್ಸ್ ಸಂಧಿಯ ಮೇಲೆ ಭಾರತದ ಹೆಸರಿನಲ್ಲಿ ಭಾರತಮಂತ್ರಿ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಗರು ರುಜು ಹಾಕಿದ ಹೊತ್ತಿಗೆ ರೌಲಟ್ ಶಾಸನ ಜಾರಿಯಾಗಿತ್ತು. ಜಲಿಯನ್‌ವಾಲಾಬಾಗಿನ ಹತ್ಯೆಯಾಗಿ ಎರಡೂವರೆ ತಿಂಗಳಾಗಿತ್ತು.

ಈ ಪಾಠಕ್ಕೆ ಚರಿತ್ರೆಯ ಅಧ್ಯಾಪಕರೂ ಕನ್ನಡ ಪಂಡಿತರೂ ಒಂದೆರಡು ಅವಧಿ ಒಂದೇ ತರಗತಿಯಲ್ಲಿ ಕೂಡಿ ಕುಳಿತರೆ ಅನುಕೂಲವಾದೀತು. ಜೂನ್ 28ರಿಂದ ಆಗಸ್ಟ್ 4ರವರೆಗಿನ ತಾರೀಖುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂದೊಂದರ ಎದುರಿಗೂ ಕರ್ತರಿ ಪ್ರಯೋಗದಲ್ಲಿ ಒಂದೊಂದು ವಾಕ್ಯವನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಬಹುದು. ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿರಲಾರವು.