ಗಣಪತಿ ಪೆಂಡಾಲಿಗೆ ಲೈಟು ತರೋ ಮುಂಚೆ (ಅಮೆರಿಕದಿಂದ – 17)

ಕಳೆದ ಸಲ ನೈಟ್ ಡ್ಯೂಟಿ ಊಟದ ಬಗ್ಗೆ ಬರೆದಿದ್ದೆ, ಈ ಸಲ ಲೈಟಿನ ವಿಷಯ. ಹುಣಸೂರಿಂದ ತಮ್ಮ ಫೋನ್ ಮಾಡಿದ್ದ. "ಅಕ್ಕ, ನಿಮ್ಮನೆ ಮುಂದೆ ಹಾಡಿಗೆ ಕುಣಿಯೋ ಲೈಟು ಹಾಕ್ತೀರಲ್ಲ, ಅದೇ ಥರ ಈ ಸಲ ಬೀದಿ ಗಣಪತಿಗೆ ಹಾಕೋಣ ಅಂತ ಹುಡುಗರು ಹೇಳ್ತಿದ್ದಾರೆ, ಏನೇನು ತರಬೇಕು?" ಪಟ್ಟಿ ಕಳಿಸಿದೆ. ಜೊತೆಗೆ ಒಂದು ಷರತ್ತು ಹಾಕಿದೆ: ಪಟಪಟ ಹೊಡೆಯೋ ಸ್ಟ್ರೋಬ್ ಲೈಟು ಬೇಡವೇ ಬೇಡ. ಅವನು ನಕ್ಕುಬಿಟ್ಟ. "ಅದಿಲ್ಲದೆ ಏನು ಮಜಾ?" ಅದಕ್ಕೇ ಈ ಪೋಸ್ಟು.

ನಾನು ಮೊದಲು ಇದ್ದದ್ದು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ, ಆಮೇಲೆ ಅಟ್ಲಾಂಟಾ, ಈಗ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್. ಎಲ್ಲಿಗೆ ಹೋದರೂ ಡಿಸೆಂಬರ್ ಬಂತೆಂದರೆ ಮನೆ ಮನೆಗೂ ಲೈಟು. ನಾವು ದೀಪಾವಳಿಗೇ ಶುರು ಮಾಡಿ ಕ್ರಿಸ್‌ಮಸ್‌ವರೆಗೂ ಬಿಡುತ್ತೇವೆ. ಮೊದಲು ಅಂಗಡಿಯ ಸೀರಿಯಲ್ ಸೆಟ್ಟೇ ಇತ್ತು. ಎರಡು ವರ್ಷದ ಹಿಂದೆ ಮಗನಿಗೆ ಹುಚ್ಚು ಹಿಡಿಯಿತು.

ಇದು ನಮ್ಮ ಹಳೇ ಸೀರಿಯಲ್ ಸೆಟ್ಟಿನ ಥರ ಅಲ್ಲ. ಒಂದೊಂದು ಬಲ್ಬಿನೊಳಗೂ ಡಬ್ಲ್ಯೂಎಸ್ 2811 ಅನ್ನೋ ಪುಟ್ಟ ಚಿಪ್ಪು. ಕೆಂಪು, ಹಸಿರು, ನೀಲಿ ಮೂರಕ್ಕೂ 256 ಮೆಟ್ಟಿಲು. ಮೊದಲ ಬಲ್ಬು ತನ್ನ ಪಾಲಿನ ಸಂದೇಶ ಇಟ್ಟುಕೊಂಡು ಉಳಿದದ್ದನ್ನು ಮುಂದಿನದಕ್ಕೆ ದಾಟಿಸುತ್ತೆ, ಅನ್ನದಾನದ ಪಂಕ್ತಿಯಲ್ಲಿ ಎಲೆ ದಾಟಿಸಿದ ಹಾಗೆ. ಮಧ್ಯೆ ಒಂದು ಕೆಟ್ಟರೆ ಅದರಾಚೆಗಿನದೆಲ್ಲ ಕತ್ತಲೆ, ಆಗ ನಮ್ಮ ಯಜಮಾನರು ಏಣಿ ಹತ್ತಬೇಕು! ಯಾವ ಬಲ್ಬು ಯಾವಾಗ ಯಾವ ಬಣ್ಣ ಅಂತ ಎಕ್ಸ್‌ಲೈಟ್ಸ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಹಾಡಿನ ತಾಳಕ್ಕೆ ಸರಿಯಾಗಿ ಬರೆಯೋದು. ನಮ್ಮಲ್ಲಿ 1,200 ಬಲ್ಬು ಇವೆ.

ಮೊದಲ ವರ್ಷ ಮಗ ಡೋಲು ಬಡಿದಾಗಲೆಲ್ಲ ಸ್ಟ್ರೋಬ್ ಹಾಕಿದ್ದ. ನಾನು ಸಂಜೆ ಆರೂವರೆಗೇ ಡ್ಯೂಟಿಗೆ ಹೊರಡುವವಳು, ಪೂರ್ತಿ ನೋಡಿಯೇ ಇರಲಿಲ್ಲ. ಒಂದು ಭಾನುವಾರ ಎದುರು ಮನೆಯಾಕೆ ಕುಕ್ಕಿ ತಟ್ಟೆ ಹಿಡಿದು ಬಂದಳು. ಲೈಟು ತುಂಬ ಚೆನ್ನಾಗಿದೆ ಅಂದಳು. ಆಮೇಲೆ ಮೆಲ್ಲಗೆ, ತನ್ನ ಹನ್ನೆರಡು ವರ್ಷದ ಮಗನಿಗೆ ಫಿಟ್ಸ್ ಇದೆ, ಮಿಂಚುವ ಲೈಟು ಆಗುವುದಿಲ್ಲ ಅಂದಿದ್ದಾರೆ ಡಾಕ್ಟರು, ಅದಕ್ಕೆ ರಾತ್ರಿ ಹತ್ತರವರೆಗೆ ಮುಂದಿನ ರೂಮಿನ ಪರದೆ ಎಳೆದು ಹಿಂದಿನ ರೂಮಿನಲ್ಲೇ ಇಟ್ಟುಕೊಳ್ಳುತ್ತೇನೆ ಅಂದಳು. ದೂರಲೂ ಇಲ್ಲ, ನಿಲ್ಲಿಸಿ ಅಂತಲೂ ಅನ್ನಲಿಲ್ಲ. ಹದಿನೈದು ದಿನದಿಂದ ಆ ಹುಡುಗ ಹಾಗೇ ಇದ್ದನಂತೆ. ವಾರ್ಡಿನಲ್ಲಿ ಫಿಟ್ಸ್ ಬರುವ ಪೇಶೆಂಟುಗಳನ್ನು ದಿನಾ ನೋಡುವವಳು ನಾನು. ನನ್ನ ಅಂಗಳದಲ್ಲೇ ಇದು ನಡೀತಿತ್ತು. ಆ ಕುಕ್ಕಿ ಗಂಟಲಿಗೆ ಇಳಿಯಲಿಲ್ಲ.

ಲೆಕ್ಕ ನೋಡಿ. ಮಗ ಮಾಡಿದ್ದು ಸೆಕೆಂಡಿಗೆ 20 ಫ್ರೇಮು, ಒಂದು ಬಿಳಿ, ಒಂದು ಕತ್ತಲೆ. ಅಂದರೆ ಸೆಕೆಂಡಿಗೆ 10 ಮಿಂಚು. ಬೆಳಕಿನಿಂದ ಫಿಟ್ಸ್ ಬರುವವರಿಗೆ ಅಪಾಯ ಹೆಚ್ಚಿರುವುದು ಸುಮಾರು 3ರಿಂದ 30ರವರೆಗೆ. ಬ್ರಿಟನ್ನಿನ ಟಿವಿ ನಿಯಮದಲ್ಲೂ ಮಿತಿ ಸೆಕೆಂಡಿಗೆ 3. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್ ಕಾರ್ಟೂನಿನಲ್ಲಿ ಕೆಂಪು-ನೀಲಿ ಕೆಲವೇ ಸೆಕೆಂಡು ಹೀಗೆ ಮಿಂಚಿದ್ದಕ್ಕೆ 680ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು. ಅವರಲ್ಲಿ ಎಷ್ಟೋ ಜನಕ್ಕೆ ಹಿಂದೆಂದೂ ಫಿಟ್ಸ್ ಬಂದೇ ಇರಲಿಲ್ಲ.

ಫಿಟ್ಸ್ ಇರುವ ನೂರರಲ್ಲಿ ಸುಮಾರು ಮೂರು ಜನಕ್ಕೆ ಮಾತ್ರ ಬೆಳಕಿನ ತೊಂದರೆ, ನಿಜ. "ಮೂರು ಜನಕ್ಕೋಸ್ಕರ ಎಲ್ಲರ ಮಜಾ ಯಾಕೆ ಹಾಳು, ಒಂದು ಬೋರ್ಡು ಹಾಕಿದರಾಯ್ತು" ಅಂದ ತಮ್ಮ. ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗಕ್ಕೆ ಬೋರ್ಡು ಸರಿ. ಬೀದಿ ಗಣಪತಿ ಇರುವುದು ಎಲ್ಲರ ದಾರಿಯಲ್ಲಿ. ಟ್ಯೂಷನ್ ಮುಗಿಸಿ ಬರುವ ಮಗು ಪೆಂಡಾಲು ದಾಟದೆ ಮನೆಗೆ ಹೋಗೋದು ಹೇಗೆ? ಅಲ್ಲದೆ ನಮ್ಮ ಊರಲ್ಲಿ ಫಿಟ್ಸ್ ಇರುವ ಹೆಣ್ಣುಮಕ್ಕಳ ಮನೆಯವರು ಅದನ್ನು ಬಾಯಿಬಿಟ್ಟು ಹೇಳ್ತಾರಾ? ಮದುವೆ ಮಾತುಕತೆ ನಿಂತುಹೋಗುತ್ತೆ ಅಂತ ಮುಚ್ಚಿಡ್ತಾರೆ. ಕುಕ್ಕಿ ತಟ್ಟೆ ಹಿಡಿದು ಯಾರೂ ಬರೋದಿಲ್ಲ.

ಇನ್ನು ಮಜಾದ ಮಾತು. ಮೈಸೂರು ಅರಮನೆಗೆ ಸುಮಾರು 97,000 ಬಲ್ಬು. ದಸರೆಯಲ್ಲಿ ಒಂದೇ ಸಲ ಹೊತ್ತಿಕೊಂಡಾಗ ಜನ "ಹೋ" ಅಂತಾರೆ. ಒಂದಾದರೂ ಪಟಪಟ ಅನ್ನುತ್ತಾ? ಇಲ್ಲಿ ಷಾರ್ಲೆಟ್ ಪಕ್ಕದಲ್ಲಿ ಮ್ಯಾಕಡೆನ್‌ವಿಲ್ ಅಂತ ಪುಟ್ಟ ಊರಿದೆ, 1956ರಿಂದ ಡಿಸೆಂಬರ್ ತಿಂಗಳು ಊರಿನ ಮರಗಳಿಗೆಲ್ಲ ಕೆಂಪು, ಬಿಳಿ, ಹಸಿರು ಬಲ್ಬು ಸುತ್ತುತ್ತಾರೆ. ನೋಡೋಕೆ ಮೈಲಿಗಟ್ಟಲೆ ಕಾರಿನ ಸಾಲು. ಅವೂ ಸುಮ್ಮನೆ ಉರಿಯುತ್ತವೆ ಅಷ್ಟೆ.

ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಅವನೇ ಸ್ಟ್ರೋಬ್ ತೆಗೆದು, ಒಂದು ಬಣ್ಣ ಕರಗಿ ಇನ್ನೊಂದು ಮೂಡುವ ಹಾಗೆ ಬರೆದ. ಬೆಳಕನ್ನು ನೂರರಿಂದ ಮೂವತ್ತು ಪರ್ಸೆಂಟಿಗೆ ಇಳಿಸಿದ, ಕತ್ತಲಲ್ಲಿ ಅಷ್ಟು ಧಾರಾಳ ಸಾಕು, ಕರೆಂಟೂ ಉಳಿಯಿತು. ನಿಜ ಹೇಳಬೇಕೆಂದರೆ ಡೋಲಿನ ಜಾಗದಲ್ಲಿ ಸ್ವಲ್ಪ ಸಪ್ಪೆ ಆಗಿದೆ, ಒಪ್ಪುತ್ತೇನೆ.

ತಮ್ಮಾ, ನಿನಗೆ ಇಷ್ಟು. ಸ್ಟ್ರೋಬ್ ಬಟನ್ ಮುಟ್ಟಬೇಡಿ, ಡಿಜೆಯವನಿಗೂ ಮೊದಲೇ ಹೇಳಿ. ಮಳೆಗಾಲ, ಇಎಲ್‌ಸಿಬಿ ಇಲ್ಲದೆ ವೈರು ಎಳೀಬೇಡಿ. ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡೋದು, ಬಾಯಿಗೆ ಚಮಚ ತುರುಕೋದು ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಮೆತ್ತಗೆ ಏನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಎದುರು ಮನೆ ಹುಡುಗ ಕಳೆದ ಡಿಸೆಂಬರಿನಲ್ಲಿ ನಮ್ಮ ಮೆಟ್ಟಿಲ ಮೇಲೇ ಕೂತು ನೋಡಿದ. ಮೂರನೇ ಹಾಡು ಬೋರು ಅಂದ. ಈ ಸಲ ಬದಲಾಯಿಸುತ್ತಿದ್ದೇವೆ.